ಧನುರ್ಮಾಸದಲ್ಲಿ ಮನೆ ನೋಡಬಾರದೇ?

ಧನುರ್ಮಾಸ ಕಳೆಯುವವರೆಗೆ ಮನೆ ಕೊಳ್ಳುವ ಮಾತೇ ಬೇಡ ಎಂದು ಪ್ರಕಟವಾದ ಸಲಹೆಯನ್ನು ಮೇಚೇರಿಯ ಕಡೆಯವರು ಒಪ್ಪಬಾರದು. ಮೇಚೇರಿ ಇರುವ ಸೇಲಂ ಜಿಲ್ಲೆಗೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹಿಂಗಾರು. ಆ ಮಳೆ ಕುಡಿದ ಗೋಡೆ, ಸೋರಿದ ತಾರಸಿ, ನೀರು ನಿಂತ ಅಂಗಳ ಡಿಸೆಂಬರ್ ಚಳಿಯಲ್ಲಿ ಇನ್ನೂ ಕಣ್ಣಿಗೆ ಬೀಳುತ್ತವೆ. ಬಿಸಿಲೇರಿ ಸುಣ್ಣಬಣ್ಣ ಬಿದ್ದ ಮೇಲೆ ಆ ಸಾಕ್ಷಿ ಅಳಿಸಿಹೋಗುತ್ತದೆ. ಬಾವಿಯ ನಿಜ ತಿಳಿಯುವುದು ಬೇಸಿಗೆಯಲ್ಲೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಬಾವಿ ಬತ್ತುವುದನ್ನು ನೆರೆಯವರು ಹೇಳಬಲ್ಲರು, ಒಳಗಿನ ಸೋರಿಕೆಯನ್ನು ಹೇಳಲಾರರು.

ಇನ್ನು ಸಂಪ್ರದಾಯದ ಮಾತು. ಗೃಹಪ್ರವೇಶಕ್ಕೆ ಈ ತಿಂಗಳು ಬೇಡವೆಂದರೆ ಬೇಡ. ಆ ನಂಬಿಕೆಗೆ ನನ್ನ ಗೌರವವಿದೆ. ಆದರೆ ಗೋಡೆ ಮುಟ್ಟಿ ನೋಡುವುದಕ್ಕೆ, ಪಟ್ಟಾ ಮತ್ತು ಋಣಭಾರ ಪತ್ರ ಪರಿಶೀಲಿಸುವುದಕ್ಕೆ ಮುಹೂರ್ತ ಬೇಕಿಲ್ಲ. ಜನವರಿಯ ಸಂಕ್ರಾಂತಿಗೆ ಮುಂಚೆಯೇ ಹೋಗಿ ನೋಡಿ, ಹಾಲು ಉಕ್ಕಿಸುವುದನ್ನು ಆಮೇಲೆ ಇಟ್ಟುಕೊಳ್ಳಿ.