ಕುರಿ ಹೆಚ್ಚಿತು, ಉಣ್ಣೆ ಇಳಿಯಿತು

ದೇಶದಲ್ಲಿ 2012ರ ಜಾನುವಾರು ಗಣತಿಯಂತೆ 6.51 ಕೋಟಿ ಇದ್ದ ಕುರಿಗಳು 2019ರ ಗಣತಿಯ ವೇಳೆಗೆ 7.43 ಕೋಟಿಗೆ ಏರಿದವು. ಇದೇ ಅವಧಿಯಲ್ಲಿ ಕರ್ನಾಟಕದ ಕುರಿಗಳ ಸಂಖ್ಯೆ ಸುಮಾರು 96 ಲಕ್ಷದಿಂದ 1.11 ಕೋಟಿಗೆ ಮುಟ್ಟಿತು. ಆದರೆ 2014-15ರಲ್ಲಿ 4.81 ಕೋಟಿ ಕಿಲೋ ಇದ್ದ ದೇಶದ ಉಣ್ಣೆ ಉತ್ಪಾದನೆ 2022-23ರಲ್ಲಿ 3.36 ಕೋಟಿ ಕಿಲೋಗೆ ಕುಸಿಯಿತು. ಈ ವೈರುಧ್ಯದ ಒಂದು ಎಳೆ ಉತ್ತರ ಕರ್ನಾಟಕದ ಬಯಲುಗಳಲ್ಲಿದೆ.

ಕರ್ನಾಟಕ, ಮಹಾರಾಷ್ಟ್ರ, ತೆಲಂಗಾಣದ ಒಣಭೂಮಿಯಲ್ಲಿ ಶತಮಾನಗಳಿಂದ ಬದುಕಿ ಬಂದದ್ದು ಡೆಕ್ಕನಿ ತಳಿ. ದಿನವಿಡೀ ಮೈಲುಗಟ್ಟಲೆ ನಡೆದು, ಕೂಳೆ ಮತ್ತು ಕುರುಚಲು ಮೇಯ್ದು, ರಾತ್ರಿ ರೈತನ ಹೊಲದಲ್ಲಿ ತರುಬಿ ಗೊಬ್ಬರ ಕೊಡುವ ಕುರಿಯಿದು. ಚಳಿ, ಮಳೆಗೆ ಅದರ ಆಸರೆ ಮೈಮೇಲಿನ ಒರಟು ಕಪ್ಪು ಉಣ್ಣೆಯೇ. ಆ ಉಣ್ಣೆಯನ್ನು ನೂತು, ಹುಣಸೆ ಬೀಜದ ಗಂಜಿ ಕೊಟ್ಟು ನೇಯ್ದ ಕಂಬಳಿ ಕುರಿಗಾಹಿಯ ಕೊಡೆಯೂ ಹಾಸಿಗೆಯೂ ಆಗಿತ್ತು. ಬೀರಪ್ಪ, ಮೈಲಾರಲಿಂಗನ ಪೂಜೆಗೆ ಇಂದಿಗೂ ಅದೇ ಕಂಬಳಿಯ ಗದ್ದುಗೆ ಬೇಕು.

ಗದ್ದುಗೆಗೆ ಬೇಕಾದ ಕಂಬಳಿ ಮಾರುಕಟ್ಟೆಗೆ ಬೇಡವಾಗಿದೆ. ಗಿರಣಿಯ ಅಗ್ಗದ ಹೊದಿಕೆಗಳು ಹಳ್ಳಿಯ ಸಂತೆಗಳನ್ನೂ ತುಂಬಿದ ಮೇಲೆ ಒರಟು ಉಣ್ಣೆಯನ್ನು ಕೇಳುವವರು ವಿರಳರಾದರು. ವರ್ಷಕ್ಕೆ ಎರಡು ಬಾರಿ ಕತ್ತರಿಸಿದರೂ ಒಂದು ಕುರಿಯಿಂದ ಒಂದು ಕಿಲೋ ಉಣ್ಣೆ ದೊರೆಯುವುದು ಕಷ್ಟ. ಅನೇಕ ಕಡೆ ಕತ್ತರಿಸುವವರ ಕೂಲಿಯೂ ಹುಟ್ಟದೆ, ಉಣ್ಣೆಯನ್ನು ಬದುವಿನಲ್ಲಿ ಎಸೆದು ಹೋಗಲಾಗುತ್ತಿದೆ. ಮಾಂಸದ ಬೆಲೆ ಮಾತ್ರ ಏರುತ್ತಲೇ ಇದೆ.

ಹೀಗಿರುವಾಗ ಕುರಿಗಾಹಿ ಲೆಕ್ಕ ಹಾಕುವುದು ಸಹಜ. ಬೇಗ ತೂಕ ಬರುವ, ಉಣ್ಣೆಯ ರಗಳೆಯಿಲ್ಲದ ನೆಲ್ಲೂರು, ಮಡಗ್ಯಾಳ ಟಗರುಗಳನ್ನು ಮಂದೆಗೆ ಬಿಡಲಾಗುತ್ತಿದೆ. ನಾಲ್ಕಾರು ತಲೆಮಾರಿನೊಳಗೆ ಮಂದೆಯ ಬಣ್ಣವೂ ಉಣ್ಣೆಯೂ ಬದಲಾಗುತ್ತವೆ. ಅವನನ್ನು ದೂರುವಂತಿಲ್ಲ, ತಳಿ ಉಳಿಸುವ ಹೊಣೆಯನ್ನು ಅವನೊಬ್ಬನೇ ತನ್ನ ಖರ್ಚಿನಲ್ಲಿ ಹೊರಬೇಕೆನ್ನುವುದು ನ್ಯಾಯವೂ ಅಲ್ಲ. ಆದರೆ ಮೇವು ಸಿಕ್ಕ ವರ್ಷದ ಲಾಭ ಬರದ ವರ್ಷದಲ್ಲಿ ಕೈಹಿಡಿಯಲಾರದು. ಕಡಿಮೆ ಮೇವಿನಲ್ಲಿ ದೂರ ನಡೆಯಬಲ್ಲ ಶಕ್ತಿಯನ್ನು ಮಂದೆ ಒಮ್ಮೆ ಕಳೆದುಕೊಂಡರೆ ಅದನ್ನು ಸಂತೆಯಿಂದ ಕೊಂಡು ತರಲಾಗದು.

ಸರ್ಕಾರಗಳ ನೀತಿಯಾದರೂ ತಲೆ ಎಣಿಕೆಯನ್ನು ದಾಟಿಲ್ಲ. 2017ರಲ್ಲಿ ತೆಲಂಗಾಣ 20 ಕುರಿ, ಒಂದು ಟಗರಿನ ಘಟಕವನ್ನು ಶೇ 75ರ ಸಹಾಯಧನದಲ್ಲಿ ಹಂಚಿತು. ಕರ್ನಾಟಕದ ‘ಅನುಗ್ರಹ’ ಯೋಜನೆ ಸತ್ತ ಕುರಿಗೆ ಪರಿಹಾರ ನೀಡುತ್ತದೆ. ಎರಡೂ ಉಪಯುಕ್ತವೇ, ಆದರೆ ಕರಿ ಕುರಿಯ ಟಗರನ್ನು ಉಳಿಸಿಕೊಂಡವನಿಗೆ ಎರಡರಲ್ಲಿಯೂ ಹೆಚ್ಚಿನದೇನೂ ಇಲ್ಲ. ರಾಜ್ಯದಲ್ಲಿ ಕುರಿ ಮತ್ತು ಉಣ್ಣೆ ಅಭಿವೃದ್ಧಿಗೆಂದೇ ಒಂದು ನಿಗಮವಿದೆ. ಅದರ ಹೆಸರಿನಲ್ಲಿರುವ ಎರಡನೆಯ ಪದಕ್ಕೆ ಖಾತರಿ ಖರೀದಿ ಬೆಲೆ ದೊರೆಯುವವರೆಗೆ ಬದುವಿಗೆ ಬಿದ್ದ ಉಣ್ಣೆಯನ್ನು ಎತ್ತುವವರಿಲ್ಲ.