ಸೊನ್ನೆಯ ಮಡಿ

ನೇರವಾಗಿ ಹೇಳಿಬಿಡ್ತೀನಿ. ಮನೆಯಲ್ಲಿ ಹವಳದ ಟ್ಯಾಂಕ್ ಇಟ್ಟುಕೊಂಡವರಲ್ಲಿ ಒಂದು ಮಡಿ ಶುರುವಾಗಿದೆ. ಅದರ ಹೆಸರು ಸೊನ್ನೆ. ನೈಟ್ರೇಟ್ ಸೊನ್ನೆ ಇರಬೇಕು, ಫಾಸ್ಫೇಟ್ ಸೊನ್ನೆ ಇರಬೇಕು. ಪರೀಕ್ಷೆಯ ಗಾಜಿನ ಕೊಳವೆಯಲ್ಲಿ ಬಣ್ಣ ಏಳದಿದ್ದರೆ ಜನ್ಮ ಸಾರ್ಥಕ. ಒಂಚೂರು ಗುಲಾಬಿ ಕಂಡರೆ ಸಾಕು, ಮೈಲಿಗೆ ಆಯ್ತು ಅನ್ನೋ ಹಾಗೆ ಕಂಗಾಲಾಗಿ ಅಂಗಡಿಗೆ ಓಡೋದು, ಇನ್ನೊಂದು ಬಾಟಲಿ ತರೋದು. ಈ ಮಡಿಗೆ ಬಲಿಯಾದ ಹವಳಗಳನ್ನು ಯಾರೂ ಎಣಿಸಿಲ್ಲ. ನನ್ನ ಮನೆಯದನ್ನು ನಾನು ಎಣಿಸಿದ್ದೇನೆ. ಹನ್ನೊಂದು.

ವಿಷಯ ಗೊತ್ತಿಲ್ಲದವರಿಗೆ ನಾಲ್ಕು ಮಾತು. ನಾನಿರೋದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಹಾಲಿನ ಮೂಲೆಯಲ್ಲಿ 75 ಗ್ಯಾಲನ್ನಿನ, ಅಂದರೆ ಸುಮಾರು 285 ಲೀಟರಿನ ಉಪ್ಪುನೀರಿನ ಟ್ಯಾಂಕ್ ಇದೆ. ಅದರಲ್ಲಿ ಕಲ್ಲು, ಏಳು ಮೀನು, ಮತ್ತೆ ಹವಳ. ಹವಳ ಅಂದ್ರೆ ಉಂಗುರದ ಕೆಂಪು ಕಲ್ಲಲ್ಲ, ಜೀವ ಇರೋ ಪ್ರಾಣಿ. ಅದರ ಮೈಯೊಳಗೆ ಸಣ್ಣ ಪಾಚಿ ಬದುಕುತ್ತೆ. ಪಾಚಿ ಬೆಳಕಿನಿಂದ ಸಕ್ಕರೆ ಮಾಡಿ ಹವಳಕ್ಕೆ ಕೊಡುತ್ತೆ, ಹವಳದ ಕಸ ಪಾಚಿಗೆ ಊಟ. ಇನ್ನು ಮೀನಿಗೆ ನಾವು ಹಾಕಿದ ಆಹಾರ ಕೊನೆಗೆ ಅಮೋನಿಯಾ ಆಗುತ್ತೆ, ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಅದೇ ಆಹಾರದಿಂದ ಫಾಸ್ಫೇಟೂ ಬರುತ್ತೆ. ಈ ಹವ್ಯಾಸದವರು ಗಂಭೀರವಾಗಿ ‘ಪೋಷಕಾಂಶ’ ಅನ್ನೋದು ಇವೆರಡಕ್ಕೇ. ನಮ್ಮ ಕಡೆ ಇದಕ್ಕೆ ಇನ್ನೂ ಸುಲಭದ ಹೆಸರಿದೆ: ಗೊಬ್ಬರ. ಡಿಎಪಿ ಮೂಟೆಯಲ್ಲಿರೋ ಸಾರಜನಕ, ರಂಜಕವೇ ಇಲ್ಲಿ ನೀರಿನಲ್ಲಿ ಕರಗಿರೋದು.

ಸೊನ್ನೆಯ ಹುಚ್ಚು ಸುಮ್ಮನೆ ಹುಟ್ಟಿದ್ದಲ್ಲ, ಅದನ್ನು ಒಪ್ಪಿಕೊಂಡೇ ಜಗಳಕ್ಕೆ ಇಳಿಯೋಣ. ಗೊಬ್ಬರ ಅತಿಯಾದರೆ ಟ್ಯಾಂಕ್ ಕೆಡುತ್ತೆ. ಕೂದಲಿನಂಥ ಹಸಿರು ಪಾಚಿ ಕಲ್ಲನ್ನೆಲ್ಲ ಮುಚ್ಚುತ್ತೆ. ಫಾಸ್ಫೇಟ್ ವಿಪರೀತವಾದರೆ ಹವಳ ಸುಣ್ಣದ ಗೂಡು ಕಟ್ಟೋದಕ್ಕೇ ಅಡ್ಡಿ. ನಿಜವಾದ ಕಡಲಿನಲ್ಲೂ ಹೊಲದಿಂದ ಹರಿದು ಬರೋ ಗೊಬ್ಬರ ಹವಳದ ದಿಬ್ಬಗಳಿಗೆ ಶತ್ರುವೇ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನವರು ಕಬ್ಬಿನ ಗದ್ದೆಗಳ ನೀರಿನ ಬಗ್ಗೆ ತಲೆ ಕೆಡಿಸಿಕೊಂಡಿರೋದು ಸುಮ್ಮನೆ ಅಲ್ಲ. ಕಡಿಮೆ ಇರಲಿ ಅಂದ್ರೆ ನಾನೂ ಕೈ ಎತ್ತುತ್ತೇನೆ. ಆದರೆ ‘ಕಡಿಮೆ’ ಅನ್ನೋದು ಯಾವಾಗ ‘ಇರಲೇಬಾರದು’ ಆಯ್ತು? ಉಪ್ಪು ಹೆಚ್ಚಾದ ಸಾರು ಉಣ್ಣೋಕಾಗಲ್ಲ ಅಂತ ಉಪ್ಪೇ ಇಲ್ಲದ ಸಾರನ್ನು ಯಾರಾದರೂ ಹಬ್ಬದ ದಿನ ಬಡಿಸ್ತಾರಾ?

ಈಗ ನನ್ನ ಪಾಪದ ಕಥೆ. ಟ್ಯಾಂಕಿಗೆ ಎರಡು ವರ್ಷ ತುಂಬಿತ್ತು. ನೈಟ್ರೇಟ್ 25 ಪಿಪಿಎಂ, ಫಾಸ್ಫೇಟ್ 0.25. ಸ್ವಲ್ಪ ಹೆಚ್ಚೇ, ನಿಜ. ಆದರೆ ಹವಳಗಳು ಬೆಳೀತಾ ಇದ್ದವು, ಮೀನುಗಳು ದಪ್ಪಗಿದ್ದವು. ಕಲ್ಲಿನ ಮೂಲೆಯಲ್ಲಿ ಒಂದಿಷ್ಟು ಪಾಚಿ ಇತ್ತು, ಅಷ್ಟೇ. ಇಲ್ಲಿಯ ಒಂದು ಅಂಗಡಿಗೆ ಹೋದಾಗ ನನ್ನ ಅಂಕಿ ಕೇಳಿ ಅಂಗಡಿಯವರ ಮುಖ ಹೇಗಾಯ್ತು ಅಂದರೆ, ಬಿಪಿ ನೋಡಿದ ಡಾಕ್ಟರು ‘ಮನೆಯವರನ್ನ ಕರೆಯಿರಿ’ ಅಂದ ಹಾಗೆ. ಫಾಸ್ಫೇಟ್ ಹೀರೋ ಕಬ್ಬಿಣದ ಆಕ್ಸೈಡ್ ಹರಳು ಒಂದು ಡಬ್ಬ, ಅದನ್ನು ಓಡಿಸೋಕೆ ಒಂದು ರಿಯಾಕ್ಟರ್, ಬ್ಯಾಕ್ಟೀರಿಯಾ ಬಾಟಲಿ ಎರಡು. ಬ್ಯಾಕ್ಟೀರಿಯಾಗಳಿಗೆ ಇಂಗಾಲ ಬೇಕಲ್ಲ, ಅದಕ್ಕೆ ದಿನಾ ಸ್ವಲ್ಪ ವೋಡ್ಕಾ ಹಾಕಿ ಅಂದರು. ಹೌದು, ವೋಡ್ಕಾನೇ. ಇಂಗಾಲ ಸಿಕ್ಕ ಬ್ಯಾಕ್ಟೀರಿಯಾ ನೀರಿನ ನೈಟ್ರೇಟ್, ಫಾಸ್ಫೇಟ್ ತಿಂದು ಹೆಚ್ಚುತ್ತೆ, ನೊರೆ ಎತ್ತೋ ಸ್ಕಿಮ್ಮರ್ ಅದನ್ನು ಹೊರಗೆ ಹಾಕುತ್ತೆ. ವಿದ್ಯೆ ಸರಿಯಾದದ್ದೇ. ತಪ್ಪಾಗಿದ್ದು ನನ್ನ ಆತುರ. ಎಲ್ಲವನ್ನೂ ಒಟ್ಟಿಗೆ, ಪೂರ್ತಿ ಪ್ರಮಾಣದಲ್ಲಿ ಶುರು ಮಾಡಿದೆ.

ಮೂರೇ ವಾರಕ್ಕೆ ಎರಡೂ ಸೊನ್ನೆ. ಕೊಳವೆಯ ಫೋಟೊ ತೆಗೆದು ಗೆಳೆಯರಿಗೆಲ್ಲ ಕಳಿಸಿದೆ. ನಾಲ್ಕನೇ ವಾರ ಹವಳಗಳ ಬಣ್ಣ ತಿಳಿಯಾಯ್ತು. ‘ನೀಲಿಬಣ್ಣ ಬರ್ತಾ ಇದೆ’ ಅಂತ ಹೆಂಡತಿಗೆ ತೋರಿಸಿ ಖುಷಿಪಟ್ಟೆ. ಬರ್ತಾ ಇದ್ದದ್ದು ಬಣ್ಣ ಅಲ್ಲ, ಒಳಗಿನ ಪಾಚಿ ಹೋಗ್ತಾ ಇತ್ತು. ಐದನೇ ವಾರ ಅಕ್ರೊಪೊರಾ ಕೊಂಬೆಗಳ ತುದಿ ಸುಟ್ಟಂತಾಗಿ, ಬುಡದಿಂದ ಚರ್ಮ ಸುಲಿದು ಬಿಳಿ ಮೂಳೆ ಕಾಣಿಸ್ತು. ಆಮೇಲೆ ಮರಳಿನ ಮೇಲೆ ಕಂದು ಲೋಳೆ, ಅದರೊಳಗೆ ಗಾಳಿಗುಳ್ಳೆ. ಡೈನೊಫ್ಲಾಜೆಲೇಟ್ ಅನ್ನೋ ಏಕಕೋಶಜೀವಿಯ ದಂಡು. ಬೇರೆ ಪಾಚಿ, ಬ್ಯಾಕ್ಟೀರಿಯಾಗಳೆಲ್ಲ ಹಸಿದು ಜಾಗ ಖಾಲಿ ಮಾಡಿದಾಗ ಇವು ಬಂದು ಕೂರುತ್ತವೆ ಅನ್ನೋದು ಅನುಭವಸ್ಥರೆಲ್ಲ ಹೇಳೋ ಮಾತು. ಅದನ್ನು ಮೇಯ್ದ ಬಸವನಹುಳುಗಳು ಒಂದೊಂದಾಗಿ ಮಗುಚಿಕೊಂಡವು. ಅಂಗಡಿಗೆ ಹೋಗಿ ಹೇಳಿದರೆ ಅದಕ್ಕೂ ಒಂದು ಬಾಟಲಿ ಇತ್ತು!

ಆ ಭಾನುವಾರ ಅಪ್ಪಯ್ಯನ ವಿಡಿಯೋ ಕಾಲ್ ಬಂತು. ಸಾಗರದ ಹತ್ತಿರ ನಮ್ಮದು ಎರಡೆಕರೆ ಅಡಿಕೆ ತೋಟ. ಕ್ಯಾಮೆರಾ ತಿರುಗಿಸಿ ಬಿಳಿಯಾದ ಹವಳ ತೋರಿಸಿದೆ.

‘ಎಂತ ಹಾಕ್ತೀಯಾ ಅದಕ್ಕೆ?’

‘ಎಂತದೂ ಹಾಕಲ್ಲ ಅಪ್ಪಯ್ಯ. ಇರೋದನ್ನ ತೆಗೀತಾ ಇದೀನಿ.’

‘ಮತ್ತೆ ಬದುಕೋದು ಹ್ಯಾಂಗೆ ಮಾರಾಯ?’

ಉತ್ತರ ಇರಲಿಲ್ಲ. ಇಷ್ಟು ದಿನ ಪುಸ್ತಕ ಓದಿ, ಕೊಳವೆ ಅಲ್ಲಾಡಿಸಿ ನನಗೆ ಹೊಳೆಯದ ಪ್ರಶ್ನೆಯನ್ನು ಕಡಲಿನ ಹವಳವನ್ನು ಒಮ್ಮೆಯೂ ನೋಡಿರದ ಮನುಷ್ಯ ಕೇಳಿದ್ದರು.

ಸೊನ್ನೆಯ ಭಕ್ತರ ದೊಡ್ಡ ವಾದ ಒಂದಿದೆ: ‘ಸಮುದ್ರದಲ್ಲಿ ಹವಳ ಇರೋ ಕಡೆ ನೀರು ಅಳೆದರೆ ನೈಟ್ರೇಟ್, ಫಾಸ್ಫೇಟ್ ಹೆಚ್ಚುಕಮ್ಮಿ ಸೊನ್ನೆಯೇ ಅಲ್ವಾ?’ ಅಲ್ಲ ಅನ್ನೋದಿಲ್ಲ. ಆದರೆ ಅಳೆದದ್ದು ಏನು? ಗಾಂಧಿಬಜಾರಿನ ವಿದ್ಯಾರ್ಥಿ ಭವನದಲ್ಲಿ ಭಾನುವಾರ ಬೆಳಗ್ಗೆ ಕಾವಲಿ ಮೇಲಿಂದ ಇಳಿದ ದೋಸೆ ಎಷ್ಟು ಹೊತ್ತು ಅಲ್ಲೇ ಕೂತಿರುತ್ತೆ? ಇಳೀತಿದ್ದ ಹಾಗೆ ಯಾರದೋ ಮೇಜಿಗೆ ಹೋಗಿರುತ್ತೆ. ಅಡುಗೆಮನೆಗೆ ಇಣುಕಿ ‘ಉಳಿದಿರೋ ದೋಸೆ ಸೊನ್ನೆ, ಹಾಗಾದ್ರೆ ಇಲ್ಲಿಯವರು ದೋಸೆ ತಿನ್ನದೇ ಬದುಕ್ತಾರೆ’ ಅಂತ ಯಾರಾದರೂ ವರದಿ ಬರೆದರೆ ನಗ್ತೀವಲ್ಲ? ಪರೀಕ್ಷೆಯ ಕೊಳವೆ ಹೇಳೋದು ಉಳಿದ ದೋಸೆಯ ಲೆಕ್ಕ. ಎಷ್ಟು ಬಂತು, ಎಷ್ಟು ಹೋಯ್ತು ಅನ್ನೋದು ಅದಕ್ಕೆ ಗೊತ್ತಿಲ್ಲ.

ಕಡಲಿನಲ್ಲಿ ಹಗಲೂ ರಾತ್ರಿ ಊಟ ಹರೀತಾನೇ ಇರುತ್ತೆ. ಅಲೆ ಹೊತ್ತು ತರೋ ಪ್ಲವಕಗಳು, ಮೀನಿನ ಹಿಕ್ಕೆ, ಸ್ಪಂಜುಗಳು ಸೋಸಿ ಬಿಟ್ಟ ಕಣಗಳು. 1983ರಲ್ಲಿ ಮೆಯರ್, ಶುಲ್ಟ್ಜ್ ಮತ್ತು ಹೆಲ್ಫ್‌ಮನ್ ಎಂಬ ಮೂವರು ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಲೇಖನ ಪ್ರಕಟಿಸಿದರು. ಹಗಲೆಲ್ಲ ಮೀನಿನ ಹಿಂಡು ಮೇಲೆ ತಂಗುವ ಹವಳಗಳು, ಮೀನಿಲ್ಲದ ಹವಳಗಳಿಗಿಂತ ಬೇಗ ಬೆಳೆದಿದ್ದವು. ಕಾರಣ, ಮೀನಿನ ಹಿಕ್ಕೆ. ನಾವು ಮಾಡೋದೇನು? 285 ಲೀಟರಿಗೆ ಏಳು ಮೀನು ಬಿಟ್ಟು, ಅವಕ್ಕೂ ‘ನೀರು ಕೆಡುತ್ತೆ’ ಅಂತ ದಿನಕ್ಕೊಂದು ಚಿಟಿಕೆ ಹಾಕಿ, ಮಿಕ್ಕಿದ್ದನ್ನು ಮೂರು ಯಂತ್ರ ಹಚ್ಚಿ ಹೀರಿ ಹಾಕ್ತೀವಿ. ಆಮೇಲೆ ಕಡಲಿನ ಅಂಕಿ ಬಂತು ಅಂತ ಬೀಗ್ತೀವಿ. ಕಡಲಿನ ಅಂಕಿ ಬಂತು, ಕಡಲಿನ ಊಟ ಬರಲಿಲ್ಲ.

ಇನ್ನೊಂದು ಮಾತು. ಎರಡರಲ್ಲಿ ಒಂದನ್ನು ಮಾತ್ರ ಸೊನ್ನೆ ಮಾಡೋದು ಇನ್ನೂ ಅಪಾಯ. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ವೀಡೆನ್‌ಮನ್ ಮತ್ತು ಸಂಗಡಿಗರು 2013ರಲ್ಲಿ ತೋರಿಸಿದ್ದು ಇದನ್ನೇ. ನೈಟ್ರೇಟ್ ಹೆಚ್ಚಿದ್ದು ಫಾಸ್ಫೇಟ್ ಸಿಗದೇ ಹೋದರೆ, ಹವಳ ಬಿಸಿಗೂ ಬೆಳಕಿಗೂ ಬೇಗ ಬಿಳಚಿಕೊಳ್ಳುತ್ತದೆ. ಸಾರಜನಕ ಸಿಕ್ಕಿದ ಒಳಗಿನ ಪಾಚಿ ಹೆಚ್ಚೋಕೆ ಹೊರಡುತ್ತೆ, ಅದಕ್ಕೆ ಬೇಕಾದ ರಂಜಕ ಇರೋದಿಲ್ಲ. ತೋಟಕ್ಕೆ ಬರೀ ಯೂರಿಯಾ ಸುರಿದವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. ಗಿಡ ಕಡುಹಸಿರಾಗಿ ಮೇಲೆದ್ದು, ಮೊದಲ ರೋಗಕ್ಕೇ ಮಲಗುತ್ತೆ. ನಮ್ಮ ಟ್ಯಾಂಕ್ ಪಂಡಿತರಿಗೆ ಮಾತ್ರ ಈ ಪಾಠ ಬೇಡ. ಫಾಸ್ಫೇಟ್ ಹೀರೋ ಹರಳು ದಿಢೀರ್ ಅಂತ ಸುರೀತಾರೆ, ನೈಟ್ರೇಟ್ 20ರಲ್ಲೇ ನಿಂತಿರುತ್ತೆ.

ಅವರಲ್ಲೇ ಇನ್ನು ಕೆಲವರು ರೆಡ್‌ಫೀಲ್ಡ್ ಮಂತ್ರ ಹೇಳ್ತಾರೆ: ‘16ಕ್ಕೆ 1’. ಆಲ್‌ಫ್ರೆಡ್ ರೆಡ್‌ಫೀಲ್ಡ್ 1934ರಲ್ಲಿ ಬರೆದದ್ದು ತೆರೆದ ಕಡಲಿನ ಪ್ಲವಕಗಳ ಬಗ್ಗೆ, ಫ್ರೀಮಾಂಟಿನ ಹಾಲಿನ ಬಗ್ಗೆ ಅಲ್ಲ. ಮೇಲಾಗಿ ಅದು ಪರಮಾಣುಗಳ ಲೆಕ್ಕ. ನಮ್ಮ ಕಿಟ್ ತೋರಿಸೋ ನೈಟ್ರೇಟ್, ಫಾಸ್ಫೇಟ್ ತೂಕಕ್ಕೆ ತಿರುಗಿಸಿದರೆ ಅದೇ ಅನುಪಾತ ಸುಮಾರು 10ಕ್ಕೆ 1 ಆಗುತ್ತೆ. ಮಂತ್ರ ಹೇಳೋರಿಗೆ ಇಷ್ಟಾದರೂ ಗೊತ್ತಿರಬೇಡವೇ?

ಅಳತೆಯ ವಿಷಯಕ್ಕೆ ಬಂದರೆ ಇನ್ನೊಂದು ತಮಾಷೆ. ಅಮೆರಿಕದಲ್ಲಿ ಕುಡಿಯೋ ನೀರಿಗೆ ನೈಟ್ರೇಟ್ ಮಿತಿ ಲೀಟರಿಗೆ 10 ಮಿಲಿಗ್ರಾಂ, ಭಾರತದಲ್ಲಿ 45. ಭಾರತದವರು ನಾಲ್ಕು ಪಟ್ಟು ಉದಾರಿಗಳು ಅಂದುಕೊಂಡ್ರಾ? ಅಲ್ಲ. ಅಮೆರಿಕದವರು ಅದರೊಳಗಿನ ಸಾರಜನಕವನ್ನಷ್ಟೇ ತೂಗುತ್ತಾರೆ, ಭಾರತದ ಮಾನಕ ಪೂರ್ತಿ ನೈಟ್ರೇಟನ್ನು ತೂಗುತ್ತೆ. ಸುಮಾರು 4.4ರಿಂದ ಗುಣಿಸಿದರೆ ಎರಡೂ ಹತ್ತಿರ ಹತ್ತಿರ ಒಂದೇ. ಟ್ಯಾಂಕ್ ಕಿಟ್‌ಗಳಲ್ಲೂ ಈ ಎರಡು ಬಗೆ ಇವೆ. ಡಬ್ಬದ ಮೇಲಿನ ಸಣ್ಣಕ್ಷರ ಓದದವರಿಗೆ 5 ಯಾವುದು, 22 ಯಾವುದು ತಿಳಿಯೋದಿಲ್ಲ. ನನ್ನ ಫಾಸ್ಫೇಟ್ ಮೀಟರಿನ ಕೈಪಿಡಿಯೇ 0.02ರಷ್ಟು ಆಚೀಚೆ ಆಗಬಹುದು ಅನ್ನುತ್ತೆ. ಅಂದರೆ ಅದು ತೋರಿಸೋ 0.00 ನಿಜಕ್ಕೂ 0.02 ಇರಬಹುದು. ಒಂದು ಸಲದ ಅಂಕಿ ನೋಡಿ ಡಬ್ಬ ಖಾಲಿ ಮಾಡೋದು ಅಂದ್ರೆ, ತಕ್ಕಡಿ ಸರಿ ಇದೆಯಾ ನೋಡದೆ ಚಿನ್ನ ಮಾರಿದ ಹಾಗೆ.

ಹಾಗಾದ್ರೆ ಏನು ಮಾಡಬೇಕು ಅಂತೀರಾ? ನಾನು ಮಾಡಿದ್ದನ್ನೇ ಹೇಳ್ತೀನಿ. ಮೊದಲು ಹರಳಿನ ರಿಯಾಕ್ಟರ್ ಬಿಚ್ಚಿಟ್ಟೆ, ವೋಡ್ಕಾ ನಿಲ್ಲಿಸಿದೆ. ಮೀನಿಗೆ ದಿನಕ್ಕೆ ಮೂರು ಹೊತ್ತು ಊಟ ಶುರು ಮಾಡಿದೆ. ಅದೂ ಸಾಲದೆ, ಲಕ್ಷಣವಾಗಿ ತೂಗಿ, ಕರಗಿಸಿ, ನೈಟ್ರೇಟನ್ನೂ ಫಾಸ್ಫೇಟನ್ನೂ ನಾನೇ ನೀರಿಗೆ ಹಾಕಿದೆ. ತೆಗೆಯೋಕೆ ದುಡ್ಡು ಕೊಟ್ಟಿದ್ದೆ, ಹಾಕೋಕೂ ದುಡ್ಡು ಕೊಟ್ಟೆ! ಈಗ ನೈಟ್ರೇಟ್ 5ರಿಂದ 10, ಫಾಸ್ಫೇಟ್ 0.05ರಿಂದ 0.1ರ ನಡುವೆ ಇಟ್ಟುಕೊಂಡಿದ್ದೇನೆ. ಲೋಳೆ ಹೋಗೋಕೆ ಎರಡು ತಿಂಗಳಾಯ್ತು. ಉಳಿದ ಹವಳಗಳಿಗೆ ಬಣ್ಣ ಬರೋಕೆ ಎಂಟು ತಿಂಗಳು ಹಿಡೀತು.

ಅಂಕಿ ನಿಜವಾಗ್ಲೂ ಹೆಚ್ಚಿದ್ದರೆ ಇಳಿಸಿ, ಬೇಡ ಅನ್ನಲ್ಲ. ಆದರೆ ಲೆಕ್ಕ ಹಾಕಿ ಇಳಿಸಿ. ವಾರಕ್ಕೆ 2 ಪಿಪಿಎಂ ನೈಟ್ರೇಟ್ ಸೇರುತ್ತೆ, ನೀವು ವಾರಕ್ಕೆ ಶೇ. 10 ನೀರು ಬದಲಿಸ್ತೀರಿ ಅಂದುಕೊಳ್ಳಿ. ಅದು ಏರಿ ಏರಿ 20ರ ಹತ್ತಿರ ನಿಲ್ಲುತ್ತೆ, ಅದಕ್ಕಿಂತ ಕೆಳಗೆ ಬರೋದೇ ಇಲ್ಲ. ಶೇ. 20 ಬದಲಿಸಿದರೆ 10ರ ಹತ್ತಿರ ನಿಲ್ಲುತ್ತೆ. ಇಷ್ಟು ಗಣಿತಕ್ಕೆ ಬಾಟಲಿ ಬೇಡ. ಬದಲಿಸೋ ನೀರು ಮಾತ್ರ ಆರ್‌ಒ ಆಗಿರಲಿ, ನಲ್ಲಿಯ ನೀರೇ ನೈಟ್ರೇಟ್ ಹೊತ್ತು ಬಂದರೆ ಎಷ್ಟು ಬದಲಿಸಿ ಏನು? ಫಾಸ್ಫೇಟ್ ಇಳಿಸುವಾಗ ಇನ್ನೂ ನಿಧಾನ ಬೇಕು. ಟ್ಯಾಂಕಿನ ಸುಣ್ಣದ ಕಲ್ಲುಗಳು ಫಾಸ್ಫೇಟನ್ನು ಹಿಡಿದಿಟ್ಟುಕೊಂಡಿರುತ್ತವೆ, ನೀರಿನದು ಇಳಿದಂತೆ ತಮ್ಮಲ್ಲಿರೋದನ್ನು ಬಿಡುತ್ತವೆ. ಹರಳು ಕಾಲುಭಾಗ ಹಾಕಿ, ಎರಡು ವಾರ ಕಾಯಿರಿ, ಮತ್ತೆ ಅಳೆಯಿರಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ.

‘ಅಂಗಡಿಯವರೂ ಬದುಕಬೇಕಲ್ಲ’ ಅಂತ ಗೆಳೆಯನೊಬ್ಬ ಅಂದ. ಬದುಕಲಿ. ಇಂಡೋನೇಷ್ಯಾದ ಲೀ ಚಿನ್ ಎಂಗ್ ಎಂಬಾತ 1961ರಲ್ಲೇ, ಕಡಲಿಂದ ತಂದ ಜೀವಂತ ಕಲ್ಲು ಮತ್ತು ಗಾಳಿಗುಳ್ಳೆ ಇಟ್ಟುಕೊಂಡು ಟ್ಯಾಂಕ್ ನಡೆಸೋದನ್ನು ಬರೆದಿಟ್ಟ. ಅಲ್ಲಿಗೇ ವಾಪಸ್ ಹೋಗಿ ಅಂತಿಲ್ಲ ನಾನು, ನನ್ನ ಮನೆಯಲ್ಲೂ ಸ್ಕಿಮ್ಮರ್ ಇದೆ. ಆದರೆ ಹೆದರಿಕೆ ಮಾರಿ ಬದುಕಬೇಡಿ. ನೀರು ಅಳೆದು ‘ಎಷ್ಟು ಮೀನಿದೆ, ಏನು ಹಾಕ್ತೀರಿ, ಹವಳ ಹೇಗಿದೆ’ ಅಂತ ಮೂರು ಪ್ರಶ್ನೆ ಕೇಳದೆ ಡಬ್ಬ ಕೈಗಿಡೋರು ವೈದ್ಯರಲ್ಲ, ತಾಯತ ಕಟ್ಟೋರು.

ಇದಕ್ಕೆಲ್ಲ ಇಷ್ಟು ಸಿಟ್ಟು ಯಾಕೆ, ಹೋಗಿದ್ದು ಹವ್ಯಾಸದ ದುಡ್ಡು ತಾನೇ ಅಂದರೆ, ಅಲ್ಲ. ನಮ್ಮ ದೇಶದಲ್ಲಿ ದಿಬ್ಬ ಕಟ್ಟುವ ಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿವೆ, ಹುಲಿಯ ಜೊತೆಗೆ. ಊರಿನಿಂದ ‘ಮುರುಡೇಶ್ವರದ ನೇತ್ರಾಣಿ ಕಡೆಯಿಂದ ಒಂದು ತುಂಡು ತಂದು ಇಡಬಹುದಾ’ ಅಂತ ಕೇಳೋರಿಗೆ ನನ್ನ ಉತ್ತರ ಇದೇ. ಹುಲಿಮರಿ ತರಬಹುದಾ ಅಂತ ಕೇಳಿದ್ದೀರಿ, ಬೇಡ. ಇಲ್ಲಿ ಕಾನೂನು ಇಟ್ಟುಕೊಳ್ಳೋಕೆ ಬಿಡುತ್ತೆ. ಬಿಟ್ಟಿದೆ ಅಂದ ಮಾತ್ರಕ್ಕೆ ಹಸಿವಿನಿಂದ ಕೊಲ್ಲೋಕೆ ಪರವಾನಗಿ ಸಿಕ್ಕ ಹಾಗಲ್ಲ. ನಾನು ಕೊಂದ ಹನ್ನೊಂದರಲ್ಲಿ ಒಂದು, ಗೆಳೆಯನೊಬ್ಬ ಊರು ಬಿಡುವಾಗ ‘ನೋಡ್ಕೋ’ ಅಂತ ಕೊಟ್ಟು ಹೋದದ್ದು. ಅವನಿಗೆ ಒಂಬತ್ತು ವರ್ಷದ ಹವಳ ಅದು. ನನ್ನ ಕೈಯಲ್ಲಿ ಐದು ವಾರ ಬದುಕಿತು. ಅವನಿಗೆ ಹೇಳೋಕೆ ನನಗೆ ಮೂರು ತಿಂಗಳು ಬೇಕಾಯ್ತು.

ಇವತ್ತು ಸಂಜೆ ಕಿಟ್ ತೆಗೆಯೋ ಮೊದಲು ಹತ್ತು ನಿಮಿಷ ಟ್ಯಾಂಕಿನ ಮುಂದೆ ಕೂತು ನೋಡಿ. ಹವಳದ ಬಾಯಿಗಳು ಅರಳಿವೆಯಾ? ಬುಡದಲ್ಲಿ ಚರ್ಮ ಗಟ್ಟಿ ಇದೆಯಾ? ಮೀನಿನ ಹೊಟ್ಟೆ ಒಳಗೆ ಹೋಗಿದೆಯಾ? ಅದನ್ನು ನೋಡಿದ ಮೇಲೆ ಅಳೆಯಿರಿ. ಅಂಕಿ 8 ಬಂದು ಹವಳ ನಗ್ತಾ ಇದ್ದರೆ, ಕೊಳವೆ ತೊಳೆದಿಟ್ಟು ಮೀನಿಗೆ ಊಟ ಹಾಕಿ ಮಲಗಿ.