‘ಏನೂ ಮಾಡಲ್ಲ, ಬನ್ನಿ!’



ನಾಯಿ ಸಾಕಿದ ಮನೆಯವರಿಗೆ ಪ್ರವಾಸಯೋಗ ಇಲ್ಲ ಅಂತ ನಮ್ಮಲ್ಲಿ ಎಷ್ಟೋ ಜನ ತೀರ್ಮಾನ ಮಾಡಿಕೊಂಡುಬಿಟ್ಟಿರುತ್ತೇವೆ. ಮದುವೆ ಮುಂಜಿ ಅಂದರೆ ಒಬ್ಬರು ಮನೆಯಲ್ಲಿ ಉಳಿಯಲೇಬೇಕು. ಆ ‘ಒಬ್ಬರು’ ಯಾರು ಅಂತ ನಿಮಗೆ ಬೇರೆ ಹೇಳಬೇಕೆ? ತಟ್ಟೆಗೆ ಅನ್ನ ಹಾಕುವ ಕೈಗೇ ಮನೆ ಕಾಯುವ ಕೆಲಸವೂ ಬೀಳುತ್ತದೆ. ಪಕ್ಕದ ಮನೆಯವರಿಗೆ ಬೀಗದ ಕೈ ಕೊಟ್ಟು ಹೋಗೋಣವೆಂದರೆ, ತುಳಸಿಗೆ ಒಂದು ಚೊಂಬು ನೀರು ಹಾಕಿ ಅಂದಷ್ಟು ಸುಲಭವೇ ಇದು?

ಈಗ ಕಾಲ ಸ್ವಲ್ಪ ಬದಲಾಗಿದೆ. ನಾಯಿಯನ್ನೂ ಕರೆದುಕೊಂಡು ಬನ್ನಿ ಎನ್ನುವ ಹೋಟೆಲು, ಹೋಂ ಸ್ಟೇಗಳು ನಮ್ಮ ಕರಾವಳಿಯಲ್ಲೂ ಅಲ್ಲಲ್ಲಿ ಕಾಣುತ್ತವೆ. ನಮ್ಮ ಮನೆಯಲ್ಲಿ ಇರುವುದು ಎರಡು. ಹನ್ನೊಂದು ವರ್ಷದ ಬಿಳಿ ಪಮೇರಿಯನ್ ಚಿನ್ನಿ, ಮೂರು ವರ್ಷದ ನಾಡನಾಯಿ ಕರಿಯ. ಚಿನ್ನಿಗೆ ಮಂಡಿನೋವು, ಕರಿಯನಿಗೆ ನಿಂತಲ್ಲಿ ನಿಲ್ಲದ ಕಾಲು. ಈ ಇಬ್ಬರನ್ನೂ ಕಟ್ಟಿಕೊಂಡು ಜನವರಿಯಲ್ಲಿ ಒಂದು ಶುಕ್ರವಾರ ಶಿವಮೊಗ್ಗದಿಂದ ಹೊರಟು, ಉಡುಪಿ ಹತ್ತಿರದ ಕಾಪು ಕಡಲತೀರದಲ್ಲಿ ಎರಡು ರಾತ್ರಿ ಇದ್ದು ಬಂದೆವು. ಆ ಅನುಭವದಿಂದ ನಿಮಗೆ ಉಪಯೋಗಕ್ಕೆ ಬರುವಷ್ಟನ್ನು ಇಲ್ಲಿ ಬರೆದಿದ್ದೇನೆ.

ರೂಮು ಕೇಳುವಾಗ

‘ನಾಯಿಗೆ ಅವಕಾಶ ಇದೆ’ ಎಂಬ ಒಂದು ಸಾಲನ್ನು ನಂಬಿ ದುಡ್ಡು ಕಟ್ಟಬೇಡಿ. ಫೋನ್ ಮಾಡಿ, ಬಾಯಿ ಬಿಟ್ಟು ಕೇಳಿ. ಎಷ್ಟು ನಾಯಿ ತರಬಹುದು? ಒಂದೊಂದಕ್ಕೂ ಬೇರೆ ಬಾಡಿಗೆ ಉಂಟೋ? ರೂಮಿನೊಳಗೇ ಮಲಗಿಸಬಹುದೋ, ಹೊರಗೆ ಗೂಡಿನಲ್ಲಿ ಕಟ್ಟಬೇಕೋ? ನೆಲಮಹಡಿಯಲ್ಲಿ ರೂಮು ಸಿಗುತ್ತದೆಯೇ? ಮುದಿ ನಾಯಿಗೆ ಮೆಟ್ಟಿಲು ಬಹಳ ಕಷ್ಟ. ಹೋಟೆಲಿನವರದ್ದೇ ನಾಯಿಗಳು ಅಲ್ಲಿ ಇವೆಯೇ? ಇದನ್ನಂತೂ ಮರೆಯದೆ ಕೇಳಿ, ಇಲ್ಲದಿದ್ದರೆ ಇಳಿದ ಕೂಡಲೇ ಗೇಟಿನಲ್ಲೇ ಮಹಾಭಾರತ!

ನಾನು ಮೊದಲು ಫೋನ್ ಮಾಡಿದ ಒಂದು ಕಡೆ ಎಲ್ಲ ಸರಿಹೋಯಿತು. ಕೊನೆಗೆ ‘ಯಾವ ತಳಿ?’ ಅಂದರು. ಒಂದು ಪಮೇರಿಯನ್, ಇನ್ನೊಂದು ನಾಡನಾಯಿ ಅಂದೆ. ‘ಬೀದಿ ನಾಯಿ ಆದ್ರೆ ಆಗಲ್ಲ ಮೇಡಂ, ತಳಿ ನಾಯಿ ಮಾತ್ರ’ ಅಂದುಬಿಟ್ಟರು. ನಾಯಿಗೂ ಜಾತಿ ಕೇಳುವ ಕಾಲ ಬಂತಲ್ಲ! ನಮ್ಮ ನೆಲದ ನಾಯಿಗಳೇನು ಕಡಿಮೆಯೇ? 2005ರಲ್ಲಿ ಭಾರತೀಯ ಅಂಚೆ ಇಲಾಖೆ ನಾಲ್ಕು ದೇಸಿ ನಾಯಿಗಳ ಅಂಚೆಚೀಟಿ ಹೊರಡಿಸಿದಾಗ ನಮ್ಮ ಮುಧೋಳದ ನಾಯಿಯೂ ಅದರಲ್ಲಿತ್ತು. ಕರಿಯನ ಚಿತ್ರ ಯಾವ ಅಂಚೆಚೀಟಿಯಲ್ಲೂ ಬರಲಿಕ್ಕಿಲ್ಲ, ಇರಲಿ. ಆದರೂ ಮನಸ್ಸಿಗೆ ಚುರುಕ್ ಅಂದಿತು.

ಎರಡನೆಯ ಕಡೆ ಫೋನ್ ಎತ್ತಿದವರು ವಯಸ್ಸಾದವರು. ‘ತಳಿ ಯಾವುದಾದ್ರೆ ಏನಮ್ಮ, ಕಚ್ಚುತ್ತದಾ ಇಲ್ವಾ ಅದನ್ನು ಹೇಳಿ. ರೇಬೀಸ್ ಇಂಜೆಕ್ಷನ್ ಆದ ಚೀಟಿ ತನ್ನಿ’ ಅಂದರು. ನ್ಯಾಯವಾದ ಮಾತು. ರೂಮು ಅಲ್ಲೇ ಗೊತ್ತು ಮಾಡಿದೆವು.

ಹೊರಡುವ ಮೊದಲು

ಪಶುವೈದ್ಯರ ಹತ್ತಿರ ಒಂದು ಸಲ ತೋರಿಸಿಕೊಂಡು ಬನ್ನಿ. ರೇಬೀಸ್ ಇಂಜೆಕ್ಷನ್ ವಾಯಿದೆ ಮೀರಿರಬಾರದು. ಜೊತೆಗೆ ಡಿಸ್ಟೆಂಪರ್, ಪಾರ್ವೊ, ಇಲಿಜ್ವರ ಇವುಗಳ ಲಸಿಕೆಯೂ ಆಗಿರಲಿ. ಉಣ್ಣೆ ಹತ್ತದ ಹಾಗೆ ಔಷಧಿಯನ್ನೂ ಕೇಳಿ. ಕೊರಳಪಟ್ಟಿಗೆ ನಿಮ್ಮ ಫೋನ್ ನಂಬರು ಬರೆದ ಬಿಲ್ಲೆ ಕಟ್ಟಿ. ಹೊಸ ಊರಿನಲ್ಲಿ ತಪ್ಪಿಸಿಕೊಂಡ ನಾಯಿಗೆ ಮನೆ ದಾರಿ ಎಲ್ಲಿಂದ ಗೊತ್ತಾಗಬೇಕು?

ತೀರ್ಥಹಳ್ಳಿ ದಾಟಿ ಆಗುಂಬೆ ಘಾಟಿ ಇಳಿಯುವಾಗ ಹದಿನಾಲ್ಕು ತಿರುವು. ಮನುಷ್ಯರಿಗೇ ಹೊಟ್ಟೆ ತೊಳೆಸುತ್ತದೆ, ನಾಯಿಗಳ ಪಾಡು ಕೇಳಬೇಡಿ. ಹೊರಡುವ ನಾಲ್ಕೈದು ಗಂಟೆ ಮುಂಚೆಯೇ ಊಟ ನಿಲ್ಲಿಸಿ, ನೀರು ಮಾತ್ರ ಕೊಡುತ್ತಿರಿ. ಒಂದೂವರೆ ಎರಡು ಗಂಟೆಗೊಮ್ಮೆ ನಿಲ್ಲಿಸಿ ಇಳಿಸಿ. ಘಾಟಿಯಲ್ಲಿ ಮಾತ್ರ ಕಿಟಕಿ ಗಾಜು ಏರಿಸಿಯೇ ಇರಲಿ. ರಸ್ತೆ ಬದಿಯಲ್ಲಿ ಕೂತ ಮಂಗಗಳನ್ನು ನೋಡಿ ನಮ್ಮ ಕರಿಯ ಕುಣಿದ ಕುಣಿತಕ್ಕೆ ಕಾರೇ ಅಲುಗಾಡಿತು!

ತಿಂಡಿಗೆ ಹೋಟೆಲ್ ಮುಂದೆ ನಿಲ್ಲಿಸಿದಾಗ ನಾಯಿಯನ್ನು ಮುಚ್ಚಿದ ಕಾರಿನಲ್ಲಿ ಬಿಟ್ಟು ಹೋಗಲೇಬೇಡಿ. ನಮ್ಮ ಹಾಗೆ ಅವುಗಳ ಮೈ ಬೆವರುವುದಿಲ್ಲ, ನಾಲಿಗೆ ಚಾಚಿ ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು. ಬಿಸಿಲಲ್ಲಿ ನಿಂತ ಕಾರು ಸ್ವಲ್ಪ ಹೊತ್ತಿಗೇ ಒಲೆಯಾಗುತ್ತದೆ, ಜೀವಕ್ಕೇ ಅಪಾಯ. ನಾವು ಸರದಿ ಮೇಲೆ ತಿಂಡಿ ತಿಂದೆವು. ಮೊದಲು ಮಗಳು ಮತ್ತು ನಮ್ಮವರು, ಆಮೇಲೆ ನಾನು.

ರೈಲಿನಲ್ಲಿ ಹೋಗುವವರು ಒಂದು ಮಾತು ತಿಳಿದಿರಲಿ. ಫಸ್ಟ್ ಎ.ಸಿ.ಯಲ್ಲಿ ಇಡೀ ಕೂಪೆ ಅಥವಾ ಕ್ಯಾಬಿನ್ ನಿಮ್ಮದಾಗಿದ್ದರೆ ಮಾತ್ರ ನಾಯಿ ನಿಮ್ಮ ಜೊತೆ. ಇಲ್ಲದಿದ್ದರೆ ಅದು ಗಾರ್ಡಿನ ಡಬ್ಬಿಯಲ್ಲಿರುವ ನಾಯಿ ಪೆಟ್ಟಿಗೆಯಲ್ಲಿ ಹೋಗಬೇಕು.

ಮರಳಿನ ಮೇಲೆ

ಕಾಪುವಿನ ದೀಪಸ್ತಂಭ ಕಟ್ಟಿದ್ದು 1901ರಲ್ಲಿ. ಬಂಡೆಯ ಮೇಲೆ ನಿಂತ ಅದನ್ನು ನೋಡುತ್ತಾ ನಮ್ಮವರು ಮೈಮರೆತರೆ, ನಾಯಿಗಳು ಸಮುದ್ರ ನೋಡಿ ಮೈಮರೆತವು. ಚಿನ್ನಿ ಅಲೆ ಬಂದರೆ ನಾಲ್ಕು ಹೆಜ್ಜೆ ಹಿಂದೆ, ಅಲೆ ಹೋದರೆ ಎರಡು ಹೆಜ್ಜೆ ಮುಂದೆ. ಹೊಸ ಸೊಸೆ ಅಡುಗೆಮನೆ ಹೊಸ್ತಿಲಲ್ಲಿ ನಿಂತ ಹಾಗೆ! ಕರಿಯ ನೇರ ನುಗ್ಗಿ ಉಪ್ಪುನೀರು ಕುಡಿಯಲು ಬಾಯಿ ಹಾಕಿದ.

ಇಲ್ಲಿ ಜಾಗ್ರತೆ ಬೇಕು. ಸಮುದ್ರದ ನೀರು ಹೊಟ್ಟೆಗೆ ಹೋದರೆ ವಾಂತಿ ಭೇದಿ ಶುರುವಾಗುತ್ತದೆ, ಜಾಸ್ತಿ ಹೋದರೆ ಪ್ರಾಣಕ್ಕೂ ಸಂಚಕಾರ. ಒಂದು ಬಾಟಲಿ ಸಿಹಿನೀರು, ಒಂದು ತಟ್ಟೆ ಕೈಯಲ್ಲೇ ಇರಲಿ, ಹತ್ತು ಹದಿನೈದು ನಿಮಿಷಕ್ಕೊಮ್ಮೆ ಕುಡಿಸಿ. ಬಾಯಾರಿಕೆ ಇಲ್ಲದ ನಾಯಿ ಉಪ್ಪುನೀರಿಗೆ ಅಷ್ಟು ಆಸೆಪಡುವುದಿಲ್ಲ. ಬೆಳಿಗ್ಗೆ ಬಿಸಿಲೇರುವ ಮುಂಚೆ, ಸಂಜೆ ಬಿಸಿಲಿಳಿದ ಮೇಲೆ ಮಾತ್ರ ಮರಳಿಗೆ ಇಳಿಸಿ. ಅಂಗೈಯ ಹಿಂಭಾಗವನ್ನು ಮರಳಿನ ಮೇಲೆ ಸ್ವಲ್ಪ ಹೊತ್ತು ಇಟ್ಟು ನೋಡಿ, ನಿಮಗೆ ಸುಟ್ಟರೆ ಅದರ ಪಾದಕ್ಕೂ ಸುಡುತ್ತದೆ.

ಬಲೆಯಿಂದ ಎಸೆದ ಸತ್ತ ಮೀನಿಗೆ ಬಾಯಿ ಹಾಕಲು ಬಿಡಬೇಡಿ. ಹೊಟ್ಟೆ ಚೆಂಡಿನಂತೆ ಊದಿಸಿಕೊಳ್ಳುವ ಪಫರ್ ಮೀನು ಸತ್ತ ಮೇಲೂ ವಿಷವೇ. ದಡಕ್ಕೆ ಬಿದ್ದ ಲೋಳೆಮೀನೂ ಅಷ್ಟೇ, ಮೂತಿಗೆ ತಗುಲಿದರೆ ಉರಿ. ರೂಮಿಗೆ ಬಂದ ತಕ್ಷಣ ಸಿಹಿನೀರಿನಲ್ಲಿ ಮೈ ತೊಳೆದು, ಬೆರಳ ಸಂದಿ, ಕಿವಿ ಒಣಗುವ ಹಾಗೆ ಒರೆಸಿ. ಉಪ್ಪು ಉಳಿದರೆ ಕೆರೆದು ಕೆರೆದು ಗಾಯ ಮಾಡಿಕೊಳ್ಳುತ್ತವೆ.

ಇನ್ನೊಂದು ಮುಖ್ಯ ವಿಷಯ. ಚಳಿಗಾಲದಲ್ಲಿ ನಮ್ಮ ಕರಾವಳಿಯ ಮರಳಿಗೆ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ. ಕುಂದಾಪುರದ ಕೋಡಿ, ಹೊನ್ನಾವರದ ಕಾಸರಕೋಡು ಟೊಂಕದಂಥ ಕಡೆ ಅರಣ್ಯ ಇಲಾಖೆಯವರು ಊರವರ ಜೊತೆ ಸೇರಿ ಗೂಡಿನ ಸುತ್ತ ಬೇಲಿ ಕಟ್ಟಿ ಕಾಯುತ್ತಾರೆ. ಒಂದು ಗೂಡಿನಲ್ಲಿ ನೂರರ ಆಸುಪಾಸು ಮೊಟ್ಟೆ, ಮರಿಯಾಗಲು ಸುಮಾರು 45ರಿಂದ 60 ದಿನ. ರಾತ್ರಿಯಿಡೀ ತೆವಳಿ ಬಂದ ತಾಯಿ ಹೂತಿಟ್ಟು ಹೋದದ್ದನ್ನು ನಾಯಿ ಎರಡು ನಿಮಿಷದಲ್ಲಿ ಕೆದರಿ ಹಾಕುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಈ ಆಮೆಗಳಿಗೆ ರಕ್ಷಣೆ ಕೊಟ್ಟಿದೆ. ಕಾಯ್ದೆ ನಾಯಿಗೆ ಗೊತ್ತಿಲ್ಲ, ಹಗ್ಗ ಹಿಡಿದ ನಮಗೆ ಗೊತ್ತಿರಬೇಕು.

ಬಾಗಿಲ ಹೊರಗೆ ನಿಂತಾಕೆ

ಶನಿವಾರ ಬೆಳಿಗ್ಗೆ ರೂಮು ಗುಡಿಸಲು ಒಬ್ಬಾಕೆ ಬಂದಳು. ನನ್ನದೇ ವಯಸ್ಸಿರಬಹುದು. ಬಾಗಿಲಿಂದ ಹತ್ತು ಹೆಜ್ಜೆ ದೂರದಲ್ಲೇ ನಿಂತು, ‘ಅಕ್ಕ, ಒಳಗೆ ನಾಯಿ ಉಂಟಾ?’ ಅಂದಳು. ನಾನು ಉತ್ತರ ಕೊಡುವ ಮೊದಲೇ ನಮ್ಮವರು ಒಳಗಿಂದ, ‘ಏನೂ ಮಾಡಲ್ಲ, ಬನ್ನಿ ಬನ್ನಿ!’ ಅಂದರು. ಆಕೆ ಪೊರಕೆಯನ್ನು ಎದೆಗೆ ಒತ್ತಿ ಹಿಡಿದು ಇನ್ನೂ ಎರಡು ಹೆಜ್ಜೆ ಹಿಂದೆ ಸರಿದಳು.

ನಾನು ಹೊರಗೆ ಹೋದೆ. ಆಕೆ ಸೀರೆಯ ನೆರಿಗೆ ಸ್ವಲ್ಪ ಎತ್ತಿ ಮೀನಖಂಡದ ಮೇಲಿನ ಗುರುತು ತೋರಿಸಿದಳು. ‘ಸಣ್ಣದಿರುವಾಗ ಕಚ್ಚಿದ್ದು ಅಕ್ಕ. ಹೊಟ್ಟೆಗೆ ಹದಿನಾಲ್ಕು ಸೂಜಿ. ಆವತ್ತೂ ಅದರ ಮನೆಯವರು ಹೀಗೇ ಹೇಳಿದ್ದು, ಎಂತ ಮಾಡುವುದಿಲ್ಲ ಅಂತ. ಈ ರೂಮು ಬಿಟ್ಟರೆ ನಾನು ಬೈಸಿಕೊಳ್ಬೇಕಾಗ್ತದೆ’ ಅಂದಳು.

ಹಿಂದೆ ಹೊಕ್ಕುಳ ಸುತ್ತ ಕೊಡುತ್ತಿದ್ದ ಆ ಇಂಜೆಕ್ಷನ್ ಈಗಿಲ್ಲ, ತೋಳಿಗೆ ನಾಲ್ಕೈದು ಸಲ ಕೊಡುತ್ತಾರೆ. ಆದರೆ ಕಚ್ಚಿಸಿಕೊಂಡ ಮಗುವಿನ ಹೆದರಿಕೆಗೆ ಇಂಜೆಕ್ಷನ್ ಎಲ್ಲಿದೆ? ಕೈಯಲ್ಲಿ ಕೆಲಸ ಇದೆ, ಒಳಗೆ ನಾಯಿ ಇದೆ, ‘ಬರಲ್ಲ’ ಅನ್ನುವ ಹಾಗಿಲ್ಲ. ಆಕೆಯ ಕಷ್ಟ ಅದು.

ಯೋಚನೆ ಮಾಡಿ ನೋಡಿ. ನಾಯಿ ಸಾಕಿದ ನಮ್ಮೆಲ್ಲರ ಬಾಯಲ್ಲೂ ಈ ‘ಏನೂ ಮಾಡಲ್ಲ’ ಕೂತುಬಿಟ್ಟಿದೆ. ಹಾಲಿನವನಿಗೆ, ಕೊರಿಯರ್ ಹುಡುಗನಿಗೆ, ಗ್ಯಾಸ್ ಸಿಲಿಂಡರ್ ಹೊತ್ತು ತಂದವನಿಗೆ, ಎಲ್ಲರಿಗೂ ಇದನ್ನೇ ಹೇಳುತ್ತೇವೆ. ಹೆದರಿದವರ ಪಾಲಿಗೆ ಈ ಮಾತಿಗೆ ಮೂರು ಕಾಸಿನ ಬೆಲೆಯಿಲ್ಲ. ಅದು ಮಾಡುತ್ತದೋ ಇಲ್ಲವೋ ನಮಗೆ ಗೊತ್ತು, ಅವರಿಗೆ ಹೇಗೆ ಗೊತ್ತಾಗಬೇಕು? ನಮಗೆ ಅದು ಮನೆಮಗು, ಊರವರಿಗೆ ಅದು ನಾಯಿಯೇ. ಬಾಯಿಮಾತಿನ ಭರವಸೆಗಿಂತ ಕೈಯಲ್ಲಿ ಹಿಡಿದ ಹಗ್ಗ ಕಣ್ಣಿಗೆ ಕಾಣುತ್ತದೆ. ಹೆದರಿದವರಿಗೆ ಧೈರ್ಯ ಕೊಡುವುದು ಅದೇ.

ಆಮೇಲೆ ನಾವು ಹೀಗೆ ಮಾಡಿದೆವು. ಎಷ್ಟು ಹೊತ್ತಿಗೆ ಬರುತ್ತೀರಿ ಅಂತ ಆಕೆಯನ್ನೇ ಕೇಳಿಕೊಂಡೆ. ಆ ಹೊತ್ತಿಗೆ ನಮ್ಮವರು, ಮಗಳು ಎರಡನ್ನೂ ಹಗ್ಗ ಕಟ್ಟಿ ತೋಟದ ಆ ತುದಿಗೆ ಕರೆದುಕೊಂಡು ಹೋದರು. ಕೆಲಸ ಮುಗಿದು ಆಕೆ ಮುಂದಿನ ರೂಮಿಗೆ ಹೋದಮೇಲೆ ನಾನು ಕೈಬೀಸಿ ಕರೆಯುವುದು. ಹಾಸಿಗೆ ಮೇಲೆ ನಮ್ಮದೇ ಹಳೆಯ ಬೆಡ್‌ಶೀಟು ಹಾಸಿದ್ದೆವು, ಹೋಟೆಲಿನ ಬಿಳಿ ಬಟ್ಟೆಗೆ ಕೂದಲು ಹತ್ತಲಿಲ್ಲ. ಸೋಫಾ ಮೇಲೆ ಬಿದ್ದ ಕೂದಲಿಗೆ ಒಂದು ಸುಲಭ ಉಪಾಯ: ಪಾತ್ರೆ ತೊಳೆಯುವ ರಬ್ಬರ್ ಗ್ಲೌಸನ್ನು ಸ್ವಲ್ಪ ಒದ್ದೆ ಮಾಡಿ ಒಂದೇ ದಿಕ್ಕಿಗೆ ಸವರಿ, ಉಂಡೆಯಾಗಿ ಬಂದುಬಿಡುತ್ತದೆ. ಹಿಕ್ಕೆ ಎತ್ತಲು ಹಳೇ ಪೇಪರು, ಕವರು ನಮ್ಮ ಚೀಲದಲ್ಲೇ ಇತ್ತು. ಹೊರಗಾದರೂ ಅಷ್ಟೇ, ಬೆಳಿಗ್ಗೆ ಬಲೆ ಎಳೆಯುವ ಬೆಸ್ತರು ಬರಿಗಾಲಲ್ಲಿ ನಡೆಯುವ ಮರಳು ಅದು.

ಭಾನುವಾರ ಹೊರಡುವಾಗ ಆಕೆ ಅದೇ ಹತ್ತು ಹೆಜ್ಜೆ ದೂರದಿಂದ, ‘ಬಿಳಿದರ ಹೆಸರು ಎಂತ ಅಕ್ಕ?’ ಅಂದಳು. ಚಿನ್ನಿ ಅಂದೆ. ನಕ್ಕಳು. ಹತ್ತಿರ ಬರಲಿಲ್ಲ, ನಾವೂ ಕರೆಯಲಿಲ್ಲ. ಹೆದರಿಕೆ ಹೋಗಲೇಬೇಕು ಅಂತೇನಿಲ್ಲವಲ್ಲ. ಹೆದರಿಕೆ ಇಟ್ಟುಕೊಂಡೇ ನೆಮ್ಮದಿಯಾಗಿ ಕೆಲಸ ಮಾಡುವಂತಾದರೆ ಸಾಕು.

ಹೋಟೆಲಿನ ಹಿರಿಯರು ಲೆಕ್ಕ ಚುಕ್ತಾ ಮಾಡುವಾಗ ಅಂದರು: ‘ಎಷ್ಟೋ ಸಲ ಇನ್ನು ನಾಯಿ ಬೇಡವೇ ಬೇಡ ಅಂತ ಬೋರ್ಡು ಹಾಕಿಬಿಡುವಾ ಅನಿಸಿದ್ದುಂಟು. ನಿಮ್ಮಂಥವರು ಬಂದಾಗ ಇರಲಿ ಅನಿಸ್ತದೆ.’ ಆ ಬೋರ್ಡು ಬೀಳುವುದೂ ಬೀಳದಿರುವುದೂ ನಾಯಿಯ ಕೈಲಿಲ್ಲ, ನಮ್ಮ ಕೈಲಿದೆ. ಒಬ್ಬರು ಬೇಜವಾಬ್ದಾರಿಯಿಂದ ನಡೆದುಕೊಂಡರೆ ಹಿಂದೆ ಬರುವ ಹತ್ತು ಮನೆಯವರಿಗೆ ಬಾಗಿಲು ಮುಚ್ಚುತ್ತದೆ. ಆ ಹತ್ತು ಮನೆಯಲ್ಲೂ ಒಬ್ಬ ಗೃಹಿಣಿ ಮತ್ತೆ ಬಾಗಿಲು ಕಾಯುತ್ತಾ ಕೂರಬೇಕಾಗುತ್ತದೆ.

ನಾಯಿಗಳ ಬುತ್ತಿ

ಒಂದು ಲೋಟ ಅಕ್ಕಿ, ಅರ್ಧ ಲೋಟ ಸಿಹಿಗುಂಬಳದ ಹೋಳು, ಒಂದು ಕ್ಯಾರೆಟ್. ನಾಲ್ಕು ಲೋಟ ನೀರು ಹಾಕಿ ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿ. ಆರಿದ ಮೇಲೆ ಎರಡು ಬೇಯಿಸಿದ ಮೊಟ್ಟೆ ಕಿವುಚಿ ಕಲಸಿ. ಮೊಟ್ಟೆ ತರದ ಮನೆಯವರು ಮೊಸರು ಕಲಸಬಹುದು. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ, ಒಗ್ಗರಣೆ ಯಾವುದೂ ಬೇಡ. ಕರಾವಳಿಯ ಸೆಖೆಗೆ ಇದು ಬೇಗ ಹಳಸುತ್ತದೆ, ಮೊದಲ ಊಟಕ್ಕೆ ಮಾತ್ರ ಒಯ್ಯಿರಿ. ಆಮೇಲೆ ಹೋಟೆಲಿನ ಅಡುಗೆಯವರಿಗೆ ಹೇಳಿ ಬರೀ ಅನ್ನ, ಮೊಸರು ಮಾಡಿಸಿಕೊಳ್ಳಿ. ಸಾಂಬಾರು ಹಾಕಿದ ಅನ್ನದಲ್ಲಿ ಈರುಳ್ಳಿ ಇರುತ್ತದೆ, ಅದು ನಾಯಿಗಳ ರಕ್ತಕ್ಕೆ ಕೆಟ್ಟದ್ದು. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟು ಕೂಡದು. ಮಕ್ಕಳಿಗೆ ಮೊದಲೇ ತಾಕೀತು ಮಾಡಿರಿ.

ಇಷ್ಟೆಲ್ಲ ಎಚ್ಚರ ವಹಿಸಿದರೂ ಯಾರಿಗಾದರೂ ಹಲ್ಲು ತಾಗಿತು ಅನ್ನಿ. ‘ನಮ್ಮದಕ್ಕೆ ಇಂಜೆಕ್ಷನ್ ಆಗಿದೆ’ ಅಂತ ವಾದಕ್ಕೆ ನಿಲ್ಲಬೇಡಿ. ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ಗಾಯ ತೊಳೆಸಿ, ನಿಮ್ಮದೇ ಕಾರಿನಲ್ಲಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಖರ್ಚೂ ನಿಮ್ಮದೇ ಇರಲಿ. ನಾಯಿ ಸಾಕುವುದೆಂದರೆ ಅದೂ ಸೇರಿಯೇ ಅಲ್ಲವೇ?

ಬರುವ ರಜೆಗೆ ಹೋಗಿ ಬನ್ನಿ. ಯಾರೊಬ್ಬರೂ ಮನೆ ಕಾಯಲು ಉಳಿಯದೆ ಎಲ್ಲರೂ ಒಟ್ಟಿಗೆ ಹೋಗಿ. ಹಗ್ಗ ಮಾತ್ರ ಗಟ್ಟಿಯಾದದ್ದು ಕೊಳ್ಳಿ.